ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಿದ್ದರೆ

"ಹಾಕಿಸಿದ ಪೆಟ್ರೋಲ್ ಎಲ್ಲಿ ಹೋಯಿತು?" ಗಾಡಿ ಇರುವ ಮನೆಗಳಲ್ಲಿ ಇದು ದಿನಾ ಕೇಳುವ ಮಾತು. ಹೈದರಾಬಾದಿನ ತಾರ್ನಾಕದ ಶಿವದೇವಿಯ ಮನೆಯಲ್ಲಿ ಈ ಒಂದು ಮಾತಿಗೆ ಹಿರಿಯರೊಬ್ಬರು ಮನೆ ಬಿಟ್ಟು ಹೋದರು.

ಶಿವದೇವಿ ಸಿಂಧನೂರು ಕಡೆಯವಳು. ಗಂಡ ವಿಜಯಕುಮಾರ ಹೈದರಾಬಾದಿನ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತ. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ನಾರಾಯಣಗೂಡ ಮತ್ತು ದಿಲ್‌ಸುಖ್‌ನಗರದ ಎರಡು ಹಾಸ್ಟೆಲ್‌ಗಳಿಗೆ ಕೊಡುತ್ತಿದ್ದಳು. ಕೋಚಿಂಗಿಗೆಂದು ಬಂದ ರಾಯಚೂರು, ಯಾದಗಿರಿಯ ಮಕ್ಕಳಿಗೆ ಅವಳ ರೊಟ್ಟಿ, ಪುಂಡಿಪಲ್ಯ ಎಂದರೆ ಜೀವ. ಅದನ್ನು ಬಿಸಿ ಇರುವಾಗಲೇ ಮುಟ್ಟಿಸುವವನು ಅವಳ ಸೋದರಮಾವ ಹಂಪಯ್ಯ. ವಯಸ್ಸು ಐವತ್ತೆಂಟು. ಹೆಂಡತಿ ತೀರಿಕೊಂಡ ಮೇಲೆ ಊರಲ್ಲಿ ಒಬ್ಬನೇ ಇದ್ದವನನ್ನು ಶಿವದೇವಿಯೇ ಹೋಗಿ, "ನಮ್ಮನಿಯಾಗ ಇರಾಕ ಬಾ ಮಾವ" ಎಂದು ಕರೆದುಕೊಂಡು ಬಂದಿದ್ದಳು.

ದಸರಾ ಹಬ್ಬಕ್ಕೆ ಹೊಸ ಸ್ಕೂಟರ್ ಬಂತು. ಕುಂಕುಮ ಹಚ್ಚಿ, ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಗಾಡಿ ಕೊಡುವಾಗ ಶೋರೂಮಿನವರು ಒಂದು ಪುಸ್ತಕವನ್ನೂ ಕೈಗಿಟ್ಟು, "ಮೊದಲನೇ ಸರ್ವಿಸ್ ಯಾವಾಗ ಅಂತ ಇದರಲ್ಲಿದೆ. ಮರೆಯಬೇಡಿ" ಎಂದಿದ್ದರು.

ಒಂದು ತಿಂಗಳ ಮೇಲೆ ಹಂಪಯ್ಯನೇ ನೆನಪು ಮಾಡಿದ. ವಿಜಯಕುಮಾರ ನಕ್ಕುಬಿಟ್ಟ.

"ಹೊಸಾ ಗಾಡಿಗೆ ಎಂಥಾ ಸರ್ವಿಸ್ ರೀ ಮಾವಾರ? ಅದೆಲ್ಲಾ ಅವರ ಧಂದಾ. ಕೆಟ್ಟಾಗ ತೋರಿಸಿದರಾತು."

ಪುಸ್ತಕ ಪ್ಲಾಸ್ಟಿಕ್ ಕವರಿನ ಸಮೇತ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸೇರಿತು. ಗಾಡಿ ದಿನಾ ಇಪ್ಪತ್ತೆಂಟು ಕಿಲೋಮೀಟರ್ ಓಡಿತು. ಧೂಳು, ಸಿಗ್ನಲ್, ಅಗೆದ ರಸ್ತೆ ಯಾವುದನ್ನೂ ತಪ್ಪಿಸಲಿಲ್ಲ. ಗಾಲಿಗೆ ಹವಾ ಇದೆಯೋ ಇಲ್ಲವೋ ಎಂದು ನೋಡಿದವರೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಪೆಟ್ರೋಲ್ ಬೇಗ ಬೇಗ ಮುಗಿಯತೊಡಗಿತು. ಒಂದು ಮುಂಜಾನೆ ಹಂಪಯ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಶಿವೂ, ಗಾಡಿ ಎಳೀವಲ್ದವ್ವಾ. ಹಿಂದಿನ ಗಾಲಿ ಯಾರೋ ಹಿಡಕೊಂಡಂಗ ಆಗತೈತಿ. ಒಮ್ಮೆ ಮಿಸ್ತ್ರಿಗೆ ತೋರಸೂಣು."

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಶಿವದೇವಿ ತಿರುಗಿ ನೋಡಲಿಲ್ಲ. "ಆಮ್ಯಾಲ ನೋಡೂಣು ಮಾವ. ಈಗ ಹೊತ್ತಾಗತೈತಿ, ನೀ ಹೊಂಡು."

ಹತ್ತು ದಿನ ಬಿಟ್ಟು ಮತ್ತೆ ಹೇಳಿದ. ಆಗಲೂ ಅದೇ ಉತ್ತರ ಸಿಕ್ಕಿತು. ಮೂರನೆಯ ಸಲ ಅವನು ಹೇಳಲಿಲ್ಲ.

ಹೋಳಿ ಹತ್ತಿರ ಬಂದಾಗ ವಿಜಯಕುಮಾರ ಒಂದು ದಿನ ಹೆಂಡತಿಗೆ ಹೇಳಿದ: "ಎರಡು ಹಾಸ್ಟೆಲ್ಲಿಗೆ ಹೋಗಿ ಬರಾಕ ಇಷ್ಟು ಪೆಟ್ರೋಲ್ ಹೆಂಗ ಬೇಕಾಗತೈತಿ? ಮಾವಾರು ಮತ್ತೆಲ್ಲೆರ ತಿರಗಾಡತಾರೇನು? ಇಲ್ಲಾ ತೆಗೆದು ಯಾರಿಗರ ಕೊಡಾಕತ್ತಾರೇನು? ನೀನ ಕೇಳು."

ಶಿವದೇವಿಗೆ ಮೊದಲು ಸಿಟ್ಟು ಬಂತು. ಆದರೆ ಮಾತು ಕಿವಿಯಲ್ಲಿ ಉಳಿಯಿತು. ಮರುದಿನ ಮುಂಜಾನೆ ಹಂಪಯ್ಯ, "ಪೆಟ್ರೋಲ್ ಹಾಕಸಬೇಕವ್ವಾ" ಎಂದಾಗ ಅವಳ ಬಾಯಿಂದ ಅದು ಬಂದೇಬಿಟ್ಟಿತು.

"ಮೊನ್ನೆ ಹಾಕಿಸಿದ್ದು ಏನಾತು ಮಾವ? ಗಾಡಿ ಕುಡೀತೋ, ಮತ್ಯಾರರ ಕುಡಿದರೋ?"

ರೊಟ್ಟಿ ಬಡಿಯಲು ಬಂದಿದ್ದ ಪಕ್ಕದ ಮನೆಯ ಬಂಡೆಮ್ಮ ಕೈ ನಿಲ್ಲಿಸಿದಳು. ಹಂಪಯ್ಯ ಸೋದರಸೊಸೆಯ ಮುಖ ನೋಡಿದ.

"ನಾ ಎಲ್ಲೂ ಹೋಗಿಲ್ಲವ್ವಾ," ಎಂದ. ಅಷ್ಟೇ.

ಅವತ್ತೂ ಎರಡೂ ಹಾಸ್ಟೆಲ್ಲಿಗೆ ರೊಟ್ಟಿ ಮುಟ್ಟಿಸಿದ. ಬಂದು ಡಬ್ಬಿಗಳನ್ನು ತೊಳೆದು ಬೋರಲು ಹಾಕಿದ. ಸಂಜೆ ಕೈಯಲ್ಲಿ ಬಟ್ಟೆಯ ಚೀಲ ಹಿಡಿದುಕೊಂಡು, "ದಿಲ್‌ಸುಖ್‌ನಗರದಾಗ ನಮ್ಮೂರವ ಒಬ್ಬ ವಾಚ್‌ಮನ್ ಕೆಲಸ ಐತಿ ಅಂದಾನ. ಹೋಗಿ ಬರ್ತೀನಿ" ಎಂದ. ಶಿವದೇವಿಗೆ ತಡೆಯಬೇಕು ಅನ್ನಿಸಿತು. ಆದರೆ ತಪ್ಪಿಲ್ಲದಿದ್ದರೆ ಇಷ್ಟು ಬೇಗ ಯಾಕೆ ಹೋಗಬೇಕು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಅವಳು ಸುಮ್ಮನಿದ್ದಳು. ಆ ಸುಮ್ಮನಿದ್ದ ಗಳಿಗೆಯನ್ನು ಮುಂದೆ ಅವಳು ಎಷ್ಟು ಸಲ ನೆನೆದು ಅತ್ತಳೋ.

ಮರುದಿನದಿಂದ ಅವಳೇ ಗಾಡಿ ಓಡಿಸಿದಳು. ತಾನೇ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿದಳು. ಆದರೂ ಮೂರನೆಯ ದಿನ ಮಲಕ್‌ಪೇಟೆಯ ಹತ್ತಿರ ಗಾಡಿ ನಿಂತೇಹೋಯಿತು. ಮುಚ್ಚಳ ತೆಗೆದು ನೋಡಿದರೆ ಟ್ಯಾಂಕ್ ಖಾಲಿ. ಈ ಮೂರು ದಿನ ಗಾಡಿಯ ಹತ್ತಿರ ಬೇರೆ ಯಾರೂ ಸುಳಿದಿರಲಿಲ್ಲ. ಬಿಸಿಲಲ್ಲಿ ದಬ್ಬಿದಳು. ಗಾಡಿ ಉರುಳಲೊಲ್ಲದು. ಹಿಂದಿನ ಗಾಲಿ ನಿಜವಾಗಿಯೂ ಯಾರೋ ಹಿಡಿದುಕೊಂಡ ಹಾಗಿತ್ತು.

ಬಂಕ್ ಹುಡುಕಿ ಪೆಟ್ರೋಲ್ ಹಾಕಿಸಿ ಹಾಸ್ಟೆಲ್ ಮುಟ್ಟುವ ಹೊತ್ತಿಗೆ ಮಕ್ಕಳ ಊಟದ ಹೊತ್ತು ಮೀರಿತ್ತು. ಹಾಸ್ಟೆಲ್ ನೋಡಿಕೊಳ್ಳುವ ಸತೀಶ ನೀರು ತಂದುಕೊಟ್ಟ.

"ನಿಮ್ಮ ಮಾವಾರು ಸೈತ ಎರಡು ಸಲ ಹಿಂಗ ದಬಗೊಂಡ ಬಂದಿದ್ರು ನೋಡ್ರಿ ಅಕ್ಕಾರ. ಅಂಗಿ ಎಲ್ಲಾ ತೋಯ್ದಿತ್ತು. ಮನಿಗೆ ಫೋನ್ ಮಾಡ್ತೀನ್ರಿ ಅಂದೆ. 'ಬ್ಯಾಡಪ್ಪಾ, ಆಕಿಗೆ ಕೆಲಸ ಭಾಳ ಇರತಾವ' ಅಂದ್ರು."

ಶಿವದೇವಿ ನೀರಿನ ಲೋಟವನ್ನು ಹಾಗೆಯೇ ಕೆಳಗಿಟ್ಟಳು.

ಭಾನುವಾರ ಮಹಿಳಾ ಸಂಘದ ಸಭೆಯಲ್ಲಿ ಅವಳು ಸುವರ್ಣಾಳ ಪಕ್ಕದಲ್ಲಿ ಕುಳಿತಳು. ಸುವರ್ಣಾ ಬೀದರ್ ಕಡೆಯ ಹೆಣ್ಣುಮಗಳು, ಒಂದು ಸ್ಕೂಟರ್ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ಬಂದ ಗಾಡಿಗಳ ದೂರು ಬರೆದುಕೊಳ್ಳುವುದು ಅವಳ ಕೆಲಸ. ನಡೆದದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಅಕ್ಕಾ, ನಿಮ್ಮ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರ್ ಓಡತೈತಿ?"

"ಯಾರಿಗ್ಗೊತ್ತವ್ವಾ. ಚಲೋ ಓಡತೈತಿ ಅಂತ ಶೋರೂಮ್‌ನಾಗ ಅಂದಿದ್ರು."

"ಅಂದ್ರ ಅಳತೀನ ಮಾಡದ ಮಾವಾರನ್ನ ಕೇಳಿದ್ರಿ?"

ಶಿವದೇವಿ ತಲೆ ತಗ್ಗಿಸಿದಳು. ಸುವರ್ಣಾ ಅವಳ ಕೈ ಹಿಡಿದು ಹೇಳಿದಳು: "ಅಳೆಯೂದು ಭಾಳ ಹಗರ ಐತಿ. ಬಂಕಿಗೆ ಹೋಗಿ ಟ್ಯಾಂಕ್ ಫುಲ್ ಮಾಡಸ್ರಿ. ಪೆಟ್ರೋಲ್ ಹಾಕೂ ಗನ್ ಟಕ್ ಅಂತ ತಾನ ನಿಲ್ಲತೈತಿ, ಅಲ್ಲಿಗೆ ಸಾಕು. ಮೀಟರ್‌ನ್ಯಾಗ ಎಷ್ಟು ಕಿಲೋಮೀಟರ್ ಐತಿ ಅಂತ ಬರಕೋರಿ. ಆಮ್ಯಾಲ ದಿನಾ ಓಡಿಸಿದಂಗ ಓಡಸ್ರಿ. ನಾಲ್ಕು ದಿನ ಬಿಟ್ಟು ಅದ ಬಂಕಿಗೆ ಹೋಗಿ ಮತ್ತ ಹಂಗ ಫುಲ್ ಮಾಡಸ್ರಿ. ಈ ಸಲ ಎಷ್ಟು ಲೀಟರ್ ಹಿಡೀತು ಅಂತ ಚೀಟಿ ನೋಡ್ರಿ. ಓಡಿದ ಕಿಲೋಮೀಟರನ್ನ ಆ ಲೀಟರ್‌ಲೆ ಭಾಗಸ್ರಿ. ಅಷ್ಟ."

ಸಭೆಯಿಂದ ಹೆಂಡತಿಯನ್ನು ಕರೆದೊಯ್ಯಲು ಬಂದ ವಿಜಯಕುಮಾರ ಇದನ್ನು ನಂಬಲಿಲ್ಲ. "ನೂರು ರೂಪಾಯಿದು, ಇನ್ನೂರು ರೂಪಾಯಿದು ಹಾಕಸ್ತೀವಿ. ಅದರಾಗ ಗೊತ್ತಾಗೂದಿಲ್ಲೇನು?" ಎಂದ.

"ಗೊತ್ತಾಗೂದಿಲ್ಲ ಅಣ್ಣಾರ. ಟ್ಯಾಂಕ್‌ನಾಗ ಮೊದಲ ಎಷ್ಟಿತ್ತು, ಈಗ ಎಷ್ಟುಳೀತು ಅಂತ ಯಾರಿಗ್ಗೊತ್ತು? ಫುಲ್‌ನಿಂದ ಫುಲ್‌ಗೆ ಅಳೆದ್ರ ಸುಳ್ಳು ಬರೂದಿಲ್ಲ."

ಅವನೇ ಗಾಡಿ ತೆಗೆದುಕೊಂಡು ಹೋಗಿ ಟ್ಯಾಂಕ್ ತುಂಬಿಸಿದ. ಮೀಟರಿನಲ್ಲಿ 3,846 ಇತ್ತು. ನಾಲ್ಕು ದಿನಗಳ ಮೇಲೆ 3,958. ಮತ್ತೆ ತುಂಬಿಸಿದಾಗ ಸರಿಯಾಗಿ ನಾಲ್ಕು ಲೀಟರ್ ಹಿಡಿಯಿತು. ಓಡಿದ್ದು ನೂರಾಹನ್ನೆರಡು ಕಿಲೋಮೀಟರ್. ಲೀಟರಿಗೆ ಇಪ್ಪತ್ತೆಂಟು.

"ಈ ಗಾಡಿ ಊರಾಗ ನಲವತ್ತರ ಮ್ಯಾಲ ಕೊಡಬೇಕ್ರಿ," ಎಂದಳು ಲೆಕ್ಕ ಕೇಳಿದ ಸುವರ್ಣಾ.

ಗಂಡ ಹೆಂಡತಿ ಇಬ್ಬರೂ ಗಾಡಿಯನ್ನು ಸುವರ್ಣಾಳ ಸರ್ವಿಸ್ ಸೆಂಟರಿಗೆ ಒಯ್ದರು. ಮಿಸ್ತ್ರಿ ಏರ್ ಫಿಲ್ಟರ್ ತೆಗೆದು ತೋರಿಸಿದ. ಇಂಜಿನ್ನಿಗೆ ಗಾಳಿ ಸೋಸಿ ಕೊಡಬೇಕಾದ ಆ ಜಾಳಿಗೆಯಲ್ಲಿ ಧೂಳು ಮೆತ್ತಿ ಹಲಗೆಯಂತಾಗಿತ್ತು. ಆಯಿಲ್ ಕಾಡಿಗೆಯ ಹಾಗೆ ಕಪ್ಪಾಗಿ ತಳ ಕಂಡಿತ್ತು. ಎರಡೂ ಗಾಲಿಯಲ್ಲಿ ಹವಾ ಅರ್ಧವೇ ಇತ್ತು. ಕೊನೆಗೆ ಮಿಸ್ತ್ರಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿದ. ಅರ್ಧ ಸುತ್ತು ಸುತ್ತಿ ಅದು ನಿಂತಿತು.

"ಬ್ರೇಕ್ ಹಿಡಕೊಂಡೈತ್ರಿ. ಇಷ್ಟು ದಿನ ಬ್ರೇಕ್ ಹಾಕಿಕೊಂಡ ಗಾಡಿ ಓಡಿಸೀರಿ. ಓಡಿಸಿದವರು ಏನೂ ಹೇಳಲಿಲ್ಲೇನು?"

"ಎರಡು ಸಲ ಹೇಳಿದ್ರು. ನಾನ ಕೇಳಲಿಲ್ಲ," ಎಂದಳು ಶಿವದೇವಿ.

ಮೊದಲ ಉಚಿತ ಸರ್ವಿಸಿನ ಅವಧಿ ಮುಗಿದುಹೋಗಿತ್ತು. "ಉಚಿತ ಅಂದ್ರ ಕೂಲಿ ಅಷ್ಟ ಉಚಿತ, ಆಯಿಲ್‌ಗೆ ರೊಕ್ಕ ಕೊಡಬೇಕು. ಆದರ ಹೊತ್ತಿಗೆ ಸರಿಯಾಗಿ ಮಾಡಸಲಿಲ್ಲ ಅಂದ್ರ ನಾಳೆ ಇಂಜಿನ್ ಕೆಟ್ಟಾಗ ಕಂಪನಿಯವರು ವಾರಂಟಿ ಕೊಡಾಕ ತಕರಾರು ಮಾಡಬಹುದು," ಎಂದು ಸುವರ್ಣಾ ತಿಳಿಸಿ ಹೇಳಿದಳು. ಆಯಿಲ್ ಬದಲಾಯಿತು. ಫಿಲ್ಟರ್ ಹೊಸದು ಬಂತು. ಬ್ರೇಕಿನ ಹಿಡಿತ ಸರಿಯಾಯಿತು, ಗಾಲಿಗೆ ಹವಾ ತುಂಬಿದರು. ಮತ್ತೆ ಫುಲ್ ಮಾಡಿಸಿ ಓಡಿಸಿದರು. ಐದನೆಯ ದಿನ ಲೆಕ್ಕ ಹಾಕಿದರೆ ಮೂರು ಲೀಟರಿಗೆ ನೂರಾಮೂವತ್ತೆರಡು ಕಿಲೋಮೀಟರ್. ಲೀಟರಿಗೆ ನಲವತ್ತನಾಲ್ಕು.

ವಿಜಯಕುಮಾರ ಲೆಕ್ಕದ ಚೀಟಿಯನ್ನು ಮಡಿಸಿ ಹೆಂಡತಿಯ ಕೈಗಿಟ್ಟ. "ತಪ್ಪು ನಂದು. ನಾನ ನಿನ್ನ ಕಿವಿಗೆ ಹಾಕಿದೆ," ಎಂದ.

"ಬಾಯಿ ನಂದಲ್ಲೇನ್ರಿ?" ಎಂದಳು ಶಿವದೇವಿ.

ಅದೇ ಸಂಜೆ ಇಬ್ಬರೂ ದಿಲ್‌ಸುಖ್‌ನಗರಕ್ಕೆ ಹೋದರು. ವಿಚಾರಿಸುತ್ತ ಹೋದರೆ ಒಂದು ಅಪಾರ್ಟ್‌ಮೆಂಟಿನ ಗೇಟಿನ ಬಳಿ ಹಂಪಯ್ಯ ದೊಗಲೆ ಸಮವಸ್ತ್ರದಲ್ಲಿ ಕುಳಿತಿದ್ದ. ಅವರನ್ನು ಕಂಡು ಗಡಬಡಿಸಿ ಎದ್ದು ತನ್ನ ಕುರ್ಚಿಯನ್ನೇ ಅಳಿಯನಿಗೆ ಕೊಟ್ಟ. ಎದುರಿನ ಅಂಗಡಿಯಿಂದ ಚಹಾ ತರಿಸಿದ. ಶಿವದೇವಿ ಗಾಡಿಗೆ ಆಗಿದ್ದನ್ನೆಲ್ಲ ಹೇಳಿ, ಅವನ ಕಾಲು ಮುಟ್ಟಿ ಅತ್ತಳು.

"ಆತು ಏಳವ್ವಾ. ಮಂದಿ ನೋಡತಾರ," ಎಂದ. ಆಮೇಲೆ ತಡೆದು, "ನೀ ಇನ್ನೊಂದು ಮಾತು ಕೇಳಿದ್ರ ನಾ ಎಲ್ಲಾ ಹೇಳತಿದ್ನೆಲ್ಲಾ ಶಿವೂ. ಬಂಡೆಮ್ಮನ ಮುಂದ ಅಂದೆಲ್ಲಾ, ನನಗ ಬಾಯಿನ ಬರಲಿಲ್ಲ."

"ಮನಿಗೆ ನಡೀರಿ ಮಾವಾರ," ಎಂದ ವಿಜಯಕುಮಾರ.

ಹಂಪಯ್ಯ ಗೇಟಿನ ಕಡೆ ನೋಡಿದ. "ಹಬ್ಬಕ್ಕ ಬರ್ತೀನಿ. ಉಂಡು ಹೋಗಾಕ ಬರ್ತೀನಿ. ಇರಾಕ ಬ್ಯಾಡ. ಗಾಡಿಗೆ ಆಯಿಲ್ ಹಾಕಿದ್ರ ಚಲೋ ಆತು. ಮನಸ್ಸು ಹಂಗಲ್ಲ, ಅದಕ್ಕ ಹೊತ್ತು ಹಿಡೀತೈತಿ."

ಯುಗಾದಿಗೆ ಅವನು ಬಂದ. ಬೇವುಬೆಲ್ಲ ತಿಂದ, ಹೋಳಿಗೆ ಉಂಡ, ಓಣಿಯ ಮಕ್ಕಳಿಗೆ ಸಕ್ಕರೆ ಬತ್ತಾಸು ಕೊಟ್ಟ. ಊಟ ಮುಗಿದದ್ದೇ ಬಸ್ಸು ಹತ್ತಿ ಹೋದ. ಈಗ ರೊಟ್ಟಿ ಡಬ್ಬಿಗಳನ್ನು ಶಿವದೇವಿಯೇ ಒಯ್ಯುತ್ತಾಳೆ. ವಿಜಯಕುಮಾರ ವಾರಕ್ಕೊಮ್ಮೆ ಹವಾ ನೋಡಿಸುತ್ತಾನೆ, ಪ್ರತಿ ಸಲ ತುಂಬಿಸಿದಾಗಲೂ ಕಿಲೋಮೀಟರ್ ಬರೆದಿಡುತ್ತಾನೆ. ಸರ್ವಿಸಿನ ತಾರೀಖು ಕ್ಯಾಲೆಂಡರಿನಲ್ಲಿ ಗುರುತಾಗಿದೆ. ಗಾಡಿ ಸದ್ದಿಲ್ಲದೆ ಓಡುತ್ತದೆ. ಮನೆಯಲ್ಲಿ ಮಾತ್ರ ಒಂದು ಮಂಚ ಖಾಲಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಹೊಸ ಗಾಡಿ ಬಂದಿರಬಹುದು. ಅದರ ಜೊತೆ ಬಂದ ಪುಸ್ತಕವನ್ನು ಇವತ್ತೇ ಹೊರಗೆ ತೆಗೆಯಿರಿ. ಮೊದಲ ಸರ್ವಿಸನ್ನು ಹೇಳಿದ ಹೊತ್ತಿಗೆ ಮಾಡಿಸಿ, ಮುಂದಿನದನ್ನೂ ಬಿಡಬೇಡಿ. ವಾರಕ್ಕೊಮ್ಮೆ ಹವಾ ನೋಡಿಸಿ. ಫುಲ್‌ನಿಂದ ಫುಲ್‌ಗೆ ಅಳೆದು ನಿಮ್ಮ ಗಾಡಿ ಲೀಟರಿಗೆ ಎಷ್ಟು ಓಡುತ್ತದೆ ಎಂದು ತಿಳಿದುಕೊಳ್ಳಿ. ಆ ಸಂಖ್ಯೆ ಇದ್ದಕ್ಕಿದ್ದಂತೆ ಇಳಿದರೆ ಮೊದಲು ಗಾಡಿಯನ್ನು ಮಿಸ್ತ್ರಿಗೆ ತೋರಿಸಿ. ಗಾಡಿ ಓಡಿಸುವವರು "ಎಳೀವಲ್ದು" ಎಂದರೆ, ಒಲೆಯ ಮೇಲೆ ರೊಟ್ಟಿ ಇದ್ದರೂ ಸರಿ, ಒಂದು ಗಳಿಗೆ ತಿರುಗಿ ನಿಂತು ಕೇಳಿ.