ಒಗ್ಗರಣೆ ಹಾಕಿದ ಕಲ್ಚರ್

ಸುದ್ದಿ ಬಂದ ದಿನ ಉಮಾಮಹೇಶ್ವರಿ ಮಿಸ್ ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಗಂಡ ಚಿದಾನಂದ್ ಒಂದು ತುತ್ತು ಬಾಯಿಗಿಟ್ಟವರೇ ನೀರಿನ ಲೋಟಕ್ಕೆ ಕೈ ಚಾಚಿದರು.

"ಏನಾಯ್ತೇ ನಿಂಗೆ?"

"ರಿಸರ್ಚ್‌ಗೆ ಕರೆದಿದ್ದಾರೆ ರೀ! ನನ್ನನ್ನ! ಲ್ಯಾಬಿಗೆ!"

ಕನಕಪುರ ರಸ್ತೆಯಲ್ಲಿ ತಲಘಟ್ಟಪುರದ ಹತ್ತಿರ ಒಂದು ಸಂಶೋಧನಾ ಕೇಂದ್ರವಿದೆ. ಅದು ಬೇಸಿಗೆ ರಜೆಯಲ್ಲಿ ಅಲ್ಪಸಂಖ್ಯಾತರ ಹೈಸ್ಕೂಲುಗಳಿಂದ ಒಬ್ಬ ವಿದ್ಯಾರ್ಥಿ, ಒಬ್ಬ ಟೀಚರ್ ಹೀಗೆ ಜೋಡಿ ಜೋಡಿಯಾಗಿ ಕರೆಸಿಕೊಂಡು ಆರು ವಾರ ತನ್ನ ಲ್ಯಾಬಿನಲ್ಲಿ ಕೆಲಸ ಮಾಡಿಸುತ್ತದೆ. ಉಮಾ ಮಿಸ್ ತಿಲಕ್ ನಗರದ ಅಂಥದೊಂದು ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದರು.

ಚಿದಾನಂದ್ ಪತ್ರ ಓದಿ ಕನ್ನಡಕ ಸರಿಮಾಡಿಕೊಂಡರು. "ಅಲ್ಪಸಂಖ್ಯಾತರಿಗೆ ಅಂತಿದೆಯಲ್ಲ. ನೀನು ಯಾವಾಗಿಂದ ಅಲ್ಪಸಂಖ್ಯಾತೆ ಆದೆ?"

"ಸ್ಕೂಲು ಅವರದ್ದಾದ್ರೆ ಸಾಕಂತೆ. ಅಲ್ದೆ ಈ ಮನೇಲಿ ನೀವು, ನಿಮ್ಮಿಬ್ರು ಮಕ್ಕಳು, ಎಲ್ಲಾ ಗಂಡಸ್ರೇ. ನಾನೊಬ್ಳೇ ಹೆಂಗಸು. ಇನ್ಯಾವ ಸರ್ಟಿಫಿಕೇಟ್ ಬೇಕು?"

ಚಿದಾನಂದ್ ಸುಮ್ಮನೆ ಆ ಉಪ್ಪುಪ್ಪು ಸಾರನ್ನೇ ಉಂಡರು. ಆ ಹೊತ್ತಿನಲ್ಲಿ ಅದೇ ಕ್ಷೇಮವಾಗಿತ್ತು.

ಉಮಾ ಮಿಸ್‌ಗೆ ಇಷ್ಟು ಹುಚ್ಚು ಹಿಡಿಯಲು ಕಾರಣವಿತ್ತು. ಅವರ ಶಾಲೆಯಲ್ಲೂ ಒಂದು ಮೈಕ್ರೋಸ್ಕೋಪ್ ಇತ್ತು. ಅದು ಹೆಡ್‌ಮಿಸ್ ಕೊಠಡಿಯ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತಿತ್ತು. ಇನ್‌ಸ್ಪೆಕ್ಷನ್ ದಿನ ಹೊರಗೆ ಬಂದು, ಧೂಳು ಒರೆಸಿಸಿಕೊಂಡು, ಸಂಜೆಗೆ ಮತ್ತೆ ಒಳಗೆ ಹೋಗುತ್ತಿತ್ತು. ಅದರ ಕನ್ನಡಿ ಒಡೆದು ಯಾವ ಕಾಲವಾಯಿತೋ. ಹೀಗಾಗಿ ಬ್ಯಾಕ್ಟೀರಿಯಾಗಳನ್ನು ಬಣ್ಣಬಣ್ಣದ ಚಾಕ್‌ಪೀಸಿನಲ್ಲಿ ಬೋರ್ಡಿನ ತುಂಬ ಬರೆದ ಉಮಾ ಮಿಸ್ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಕಣ್ಣಾರೆ ಕಂಡಿರಲಿಲ್ಲ. ಯಾರಿಗೂ ಹೇಳಿಕೊಂಡಿರಲಿಲ್ಲ, ಆದರೆ ಒಳಗೊಳಗೇ ಅದೊಂದು ಸಂಕಟ. ನೋಡದ ದೇವರ ಬಗ್ಗೆ ಹರಿಕಥೆ ಮಾಡಿದ ಹಾಗೆ ಅನ್ನಿಸುತ್ತಿತ್ತು.

ಕೇಂದ್ರದವರ ನಿಯಮಗಳು ಎರಡಿದ್ದವು. ಕರೆಸಿಕೊಂಡ ಎಂಟು ಜೋಡಿಗಳಲ್ಲಿ ನಾಲ್ಕನ್ನು ಮಾತ್ರ ಮೊದಲ ದಿನವೇ ಆರಿಸಿ ಉಳಿಸಿಕೊಳ್ಳುತ್ತಾರೆ. ಟೀಚರಿಗೆ ಐವತ್ತು ತುಂಬಿರಬಾರದು. ಉಮಾ ಮಿಸ್‌ಗೆ ಬರುವ ಶ್ರಾವಣಕ್ಕೆ ಐವತ್ತು. ಈ ಸಲ ತಪ್ಪಿದರೆ ತಪ್ಪಿತು.

ಅವರ ಜೋಡಿ ಜವೇರಿಯಾ. ಒಂಬತ್ತನೇ ಕ್ಲಾಸು ಮುಗಿಸಿ ಹತ್ತಕ್ಕೆ ಕಾಲಿಡುತ್ತಿದ್ದ ಹುಡುಗಿ. ಇವಳು ಕೈ ಎತ್ತಿದರೆ ಸಾಕು, ಬೇರೆ ಟೀಚರುಗಳು ಗಡಿಯಾರ ನೋಡುತ್ತಿದ್ದರು. ಆಕಳಿಕೆ ಒಬ್ಬರಿಂದ ಒಬ್ಬರಿಗೆ ಯಾಕೆ ಅಂಟುತ್ತದೆ? ಹಲ್ಲಿಗೆ ತಲೆ ಸುತ್ತುವುದಿಲ್ಲವೇ? ಉಮಾ ಮಿಸ್‌ಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಆದರೆ "ಗೊತ್ತಿಲ್ಲ" ಎನ್ನುವ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. "ಅದು ಸಿಲೆಬಸ್‌ನಲ್ಲಿಲ್ಲ, ಕೂತ್ಕೋ" ಎಂದು ಮುಗಿಸುತ್ತಿದ್ದರು. ಜವೇರಿಯಾಳ ಅಮ್ಮಿ ಮಾತ್ರ ಒಂದೇ ಷರತ್ತು ಹಾಕಿದ್ದರು: "ಮಿಸ್ ಇದ್ರೆ ಕಳಿಸ್ತೀನಿ. ಮಿಸ್ ಇಲ್ಲಾಂದ್ರೆ ಇವಳೂ ಇಲ್ಲ."

ಹೊರಡುವ ಎರಡು ದಿನ ಮುಂಚೆ ಹೆಡ್‌ಮಿಸ್ ಖುರ್ಷಿದ್ ಮೇಡಂ ಫೋನಿಗೆ ಕೇಂದ್ರದಿಂದ ಒಂದು ಮೆಸೇಜ್ ಬಂತು. ಮೊದಲ ದಿನ ಪ್ರತಿ ಜೋಡಿಯೂ ತಮ್ಮ ತಮ್ಮ ಕಲ್ಚರ್ ತರಬೇಕು. ಅಷ್ಟೇ.

ಖುರ್ಷಿದ್ ಮೇಡಂ ಎದ್ದು ನಿಂತೇಬಿಟ್ಟರು. "ನೋಡಿದ್ರಾ! ಅಲ್ಪಸಂಖ್ಯಾತರ ಪ್ರೋಗ್ರಾಂ ಅಲ್ವಾ, ನಮ್ಮ ಕಲ್ಚರ್ ನೋಡ್ಬೇಕಂತೆ. ಎಂಥಾ ದೊಡ್ಡ ಮನಸ್ಸು!"

ಉಮಾ ಮಿಸ್‌ಗೆ ತಲೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಹುಳ ಕೊರೆದದ್ದು ನಿಜ. ಆದರೆ ಖುರ್ಷಿದ್ ಮೇಡಂ ಹಾಡು ಕಟ್ಟಲು ಕೂತಾಗಿತ್ತು, ಅವರು ಕೂತ ಮೇಲೆ ಎದುರಾಡಿದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಅಲ್ಲದೆ ಖುಷಿ ಹೆಚ್ಚಾದಾಗ ಬುದ್ಧಿ ರಜೆ ಹಾಕುತ್ತದೆ. ಉಮಾ ಮಿಸ್ ಬುದ್ಧಿ ಅಂದಿನಿಂದ ಪೂರಾ ರಜೆಯಲ್ಲಿತ್ತು.

"ಬನ್ನಿ ಬನ್ನಿ ವಿಜ್ಞಾನಿಗಳೇ, ಅಣುವಿನ ಒಳಗಿನ ಜ್ಞಾನಿಗಳೇ" ಎಂದು ಹಾಡು ಶುರುವಾಗುತ್ತಿತ್ತು.

"ಅವ್ರ ಜಾಗಕ್ಕೆ ಹೋಗಿ ಅವ್ರನ್ನೇ ಬನ್ನಿ ಅಂತ ಕರೆಯೋದಾ ಮಿಸ್?" ಎಂದಳು ಜವೇರಿಯಾ.

"ಸಿಲೆಬಸ್‌ನಲ್ಲಿಲ್ಲ. ಹಾಡು."

ಹೊರಡುವ ದಿನ ಬೆಳಿಗ್ಗೆ ಉಮಾ ಮಿಸ್ ಮೊದಲು ಮಾಡಿದ ಕೆಲಸ ತಮಗೂ ಜವೇರಿಯಾಗೂ ಮೊಸರನ್ನ ಕಲಸಿದ್ದು. ಬಿಸಿ ಅನ್ನ ಮಿದ್ದು, ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಹೊಯ್ದು, ಅದಕ್ಕೆ ಒಂದೇ ಚಮಚ ಮೊಸರು. ದಾರಿಗೆ ಕಟ್ಟುವ ಮೊಸರನ್ನಕ್ಕೆ ಅವರ ಅತ್ತೆ ಹೇಳಿಕೊಟ್ಟ ಕ್ರಮ ಅದು. ಹೊರಡುವಾಗ ಹಾಲನ್ನವಾಗಿದ್ದದ್ದು ಊಟದ ಹೊತ್ತಿಗೆ ತಾನೇ ಹೆಪ್ಪಾಗಿ ಮೊಸರನ್ನವಾಗಿರುತ್ತದೆ, ಹುಳಿಯೂ ಬರುವುದಿಲ್ಲ. ತಮ್ಮ ಡಬ್ಬಿಗೆ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಹಾಕಿದರು. ಜವೇರಿಯಾ ಸಾಸಿವೆಯನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡುವ ಪೈಕಿ. ಅವಳ ಡಬ್ಬಿಗೆ ಒಗ್ಗರಣೆ ಇಲ್ಲ.

ಜಯನಗರ ಮೆಟ್ರೋ ಸ್ಟೇಷನ್ನಿನಲ್ಲಿ ಜನ ಇವರನ್ನು ನೋಡಿಯೇ ನೋಡಿದರು. ಜವೇರಿಯಾ ಅಕ್ಕನ ಮದುವೆಯ ಗುಲಾಬಿ ಶರಾರಾ ತೊಟ್ಟು, ನಡೆದಲ್ಲೆಲ್ಲ ಚಮ್ಕಿ ಉದುರಿಸುತ್ತಿದ್ದಳು. ಉಮಾ ಮಿಸ್ ತಮ್ಮ ಮದುವೆಯ ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಸಿಕ್ಕಿಸಿ, ಬಗಲಲ್ಲಿ ಡೋಲಕ್ ಹಿಡಿದಿದ್ದರು. ಡೋಲಕ್ ಸ್ಕ್ಯಾನಿಂಗ್ ಯಂತ್ರದೊಳಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು.

"ಆಂಟಿ, ಮದ್ವೆ ಎಲ್ಲಿ?" ಎಂದು ಕೇಳಿದ ಸೆಕ್ಯುರಿಟಿಯವನು, ಅದನ್ನು ಎಳೆಯುತ್ತಾ.

"ಮದ್ವೆ ಅಲ್ಲಪ್ಪ, ರಿಸರ್ಚು!" ಎಂದರು ಉಮಾ ಮಿಸ್, ಇಡೀ ಸ್ಟೇಷನ್ನಿಗೆ ಕೇಳುವಂತೆ.

ರೈಲಿನಲ್ಲಿ ಜವೇರಿಯಾ ಬ್ಯಾಗನ್ನು ತೊಡೆಯ ಮೇಲೆ ಕುಣಿಸಿದಾಗ ಮಿಸ್ ಗದರಿದರು. "ಅಲ್ಲಾಡಿಸ್ಬೇಡ ಕಣೇ, ಇನ್ನೂ ಹೆಪ್ಪಾಗಿಲ್ಲ!"

ಕೇಂದ್ರದ ಹಾಲ್ ಬಾಗಿಲು ತಳ್ಳಿದ ಉಮಾ ಮಿಸ್ ಅಲ್ಲೇ ನಿಂತರು. ಒಳಗೆ ಆಗಲೇ ಕುಣಿತ ನಡೆದಿತ್ತು. ಒಂದು ಕಾನ್ವೆಂಟಿನ ಸಿಸ್ಟರ್ ಗಿಟಾರ್ ಶ್ರುತಿ ಮಾಡುತ್ತಿದ್ದರು. ಜೈನರ ಶಾಲೆಯ ಹುಡುಗ ತನ್ನ ಮೇಷ್ಟರ ಜೊತೆ ದಾಂಡಿಯಾ ಕೋಲು ಬಡಿಯುತ್ತಿದ್ದ. ಇನ್ನೊಬ್ಬ ಹುಡುಗ ಹೊಳೆಯುವ ಪೇಟ ಸುತ್ತಿ ಭಾಂಗ್ರಾ ಕುಣಿತಕ್ಕೆ ಭುಜ ಹಾರಿಸುತ್ತಿದ್ದ. ಎಂಟೂ ಜೋಡಿ ತಮ್ಮ ತಮ್ಮ ಕಲ್ಚರನ್ನು ಹೊತ್ತು ತಂದಿದ್ದವು.

ಬಿಳಿ ಕೋಟು ಹಾಕಿಕೊಂಡ ಡಾಕ್ಟರ್ ಮೈತ್ರೇಯಿ ಒಳಗೆ ಬಂದರು. ಲ್ಯಾಬಿನ ಮುಖ್ಯಸ್ಥೆ, ಆರಿಸುವವರೂ ಅವರೇ. ಅವರು ಗಿಟಾರ್ ನೋಡಿದರು, ಕೋಲು ನೋಡಿದರು, ನತ್ತು ನೋಡಿದರು.

"ಏನಿದೆಲ್ಲ?"

"ಕಲ್ಚರ್ ತನ್ನಿ ಅಂದಿದ್ರಲ್ಲ ಮೇಡಂ," ಎಂದರು ಸಿಸ್ಟರ್.

"ಕಲ್ಚರ್ ಅಂದ್ರೆ..." ಮೈತ್ರೇಯಿ ಬೆರಳುಗಳಲ್ಲಿ ಪುಟ್ಟ ಗಾಜಿನ ತಟ್ಟೆಯಷ್ಟು ಅಳತೆ ತೋರಿಸಿದರು. "ಬ್ಯಾಕ್ಟೀರಿಯಾ ಕಲ್ಚರ್! ಜೀವಾಣು! ಲ್ಯಾಬಲ್ಲಿ ಬೆಳೆಸ್ತೀವಲ್ಲ, ಅದು!"

ದಾಂಡಿಯಾ ಹುಡುಗನ ಕೈಯಿಂದ ಕೋಲು ಜಾರಿ ಟಕ್ಕೆಂದಿತು. ಮೊದಲು ನಕ್ಕವರು ಸಿಸ್ಟರೇ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೈತ್ರೇಯಿ ಕಣ್ಣು ಒರೆಸಿಕೊಳ್ಳುತ್ತಾ ಗೋಡೆಗೆ ಒರಗಿದರು. ಉಮಾ ಮಿಸ್ ಮಾತ್ರ ನಾಲಿಗೆ ಕಚ್ಚಿಕೊಂಡರು. ಆ ಹುಳ ಕೊರೆದದ್ದು ಇದಕ್ಕೇ! ಹತ್ತನೇ ಕ್ಲಾಸಿಗೆ ವರ್ಷಾವರ್ಷ ಇದೇ ಪಾಠ ಮಾಡಿದವರು ತಾವು. ನೆಲ ಬಾಯಿ ಬಿಟ್ಟರೆ ಡೋಲಕ್ ಸಮೇತ ಇಳಿದುಹೋಗಲು ಅವರು ತಯಾರಿದ್ದರು.

"ಆಯ್ತು, ತಪ್ಪು ನಂದೇ," ಎಂದರು ಮೈತ್ರೇಯಿ. "ಊಟದ ಬೆಲ್ ಆಗೋವರೆಗೆ ಟೈಮ್ ಕೊಡ್ತೀನಿ. ಈ ಕ್ಯಾಂಪಸ್ಸಲ್ಲೇ ಜೀವಾಣು ಬೆಳೀತಿರೋ ಯಾವುದನ್ನಾದ್ರೂ ಹುಡುಕಿ ತನ್ನಿ. ಅದರ ಬಗ್ಗೆ ನಿಮ್ಮದೇ ಒಂದು ಪ್ರಶ್ನೆ ಇರ್ಬೇಕು. ಪ್ರಶ್ನೆ ಚೆನ್ನಾಗಿದ್ರೆ ಉಳೀತೀರ."

ಆಮೇಲೆ ಆ ಕ್ಯಾಂಪಸ್ಸು ಕಂಡ ನೋಟ ಅಲ್ಲಿನ ತೋಟದ ಮಾಲಿಗಳ ಬಾಯಲ್ಲಿ ಇನ್ನೂ ಇದೆಯಂತೆ. ಪೇಟದ ಹುಡುಗ ಗೊಬ್ಬರದ ಗುಂಡಿಗೆ ಹಾರಿದ. ಸಿಸ್ಟರ್ ನಿಲುವಂಗಿ ಎತ್ತಿ ಹಿಡಿದು ತಾವರೆ ಕೊಳಕ್ಕೆ ಓಡಿದರು, ಅವರ ಹಿಂದೆಯೇ ದಾಂಡಿಯಾ ಮೇಷ್ಟರು. ಉಮಾ ಮಿಸ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರೇನೋ ನಿಜ, ಆದರೆ ಇಳಕಲ್ ಸೀರೆ ಓಟದ ಪಂದ್ಯಕ್ಕೆ ನೇಯ್ದದ್ದಲ್ಲ. ಕೊಳಕ್ಕೆ ಹೋದರೆ ಅಲ್ಲಿ ಮೂರು ಜೋಡಿ. ಗೊಬ್ಬರದ ಗುಂಡಿಯಲ್ಲಿ ಇಬ್ಬರು. ನಲ್ಲಿಯ ಪಾಚಿಯನ್ನೂ ಯಾರೋ ಕೆರೆದು ಒಯ್ದಿದ್ದರು. ಕ್ಯಾಂಟೀನ್ ಹಿಂದಿನ ಮೋರಿಯ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿಯೂ ಒಬ್ಬರು ಮೂಗು ಮುಚ್ಚಿಕೊಂಡು ಕೂತಿದ್ದರು.

ಬೆಲ್ ಆಗುವ ಹೊತ್ತು ಹತ್ತಿರವಾಯಿತು. ಉಮಾ ಮಿಸ್ ಹೊಂಗೆ ಮರದ ಕೆಳಗೆ ಕುಸಿದು ಕೂತರು. ಅವರಿಗೆ ಅಳು ಬಂತು. ಶ್ರಾವಣ ಬರುತ್ತದೆ, ಐವತ್ತು ತುಂಬುತ್ತದೆ, ಜೂನ್‌ನಲ್ಲಿ ಮತ್ತೆ ಅದೇ ಬೋರ್ಡು, ಅದೇ ಚಾಕ್‌ಪೀಸು. ಅದಕ್ಕಿಂತ ಹೆಚ್ಚಾಗಿ ಈ ಹುಡುಗಿಯ ಬೇಸಿಗೆಯನ್ನೂ ತಾನೇ ಹಾಳುಮಾಡಿದೆ ಅನ್ನಿಸಿತು.

"ಬಾ, ಊಟನಾದ್ರೂ ಮಾಡಿ ಹೋಗೋಣ," ಎಂದು ಡಬ್ಬಿ ತೆಗೆದು ಒಂದು ಚಮಚ ಬಾಯಿಗಿಟ್ಟರು.

ಜವೇರಿಯಾ ತನ್ನ ಡಬ್ಬಿಯ ಮುಚ್ಚಳ ತೆಗೆದವಳು ತಿನ್ನದೆ ಅದನ್ನೇ ನೋಡಿದಳು.

"ಮಿಸ್, ಬೆಳಿಗ್ಗೆ ಇದು ಹಾಲಿನ ಥರ ನೀರಾಗಿತ್ತು."

"ಹೂಂ."

"ಈಗ ಗಟ್ಟಿಯಾಗಿದೆ. ಅಂದ್ರೆ ಮೆಟ್ರೋಲಿ, ಓಡಾಡೋವಾಗ, ಎಲ್ಲಾ ಟೈಮಲ್ಲೂ ಇದ್ರೊಳಗೆ..."

ಚಮಚ ಉಮಾ ಮಿಸ್ ಬಾಯಲ್ಲೇ ನಿಂತಿತು. ಜವೇರಿಯಾ ಚೀರಿದಳು.

"ಮಿಸ್! ಸ್ಯಾಂಪಲ್ ತಿಂತಾ ಇದ್ದೀರ!"

ಇಬ್ಬರೂ ಎದ್ದು ನಿಂತರು, ಮತ್ತೆ ಕೂತರು, ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಬೆಳಗಿನಿಂದ ಕಲ್ಚರನ್ನು ಬ್ಯಾಗಿನಲ್ಲಿಟ್ಟುಕೊಂಡೇ ಕಲ್ಚರಿಗಾಗಿ ಊರೆಲ್ಲ ಓಡಿದ್ದರು. ಜವೇರಿಯಾ ತನ್ನದನ್ನು ಬೆರಳ ತುದಿಯಲ್ಲಿ ನೆಕ್ಕಿ ಮುಖ ಹಿಂಡಿದಳು. ಮಿಸ್ ಡಬ್ಬಿಯದನ್ನೂ ನೆಕ್ಕಿದಳು.

"ನಂದು ಹುಳಿಯಾಗಿದೆ. ನಿಮ್ದು ಆಗಿಲ್ಲ. ಒಂದೇ ಅನ್ನ ತಾನೇ ಮಿಸ್? ಒಂದೇ ಹಾಲು? ಉಪ್ಪು ಎರಡಕ್ಕೂ ಹಾಕಿದ್ರಾ?"

"ಒಂದೇ ಪಾತ್ರೆಲಿ ಕಲಸಿದ್ದು ಕಣೇ. ಒಗ್ಗರಣೆ ಮಾತ್ರ ನಂದಕ್ಕೆ..." ಉಮಾ ಮಿಸ್ ಮಾತು ಅಲ್ಲಿಗೇ ನಿಂತಿತು. ಬೆಲ್ ಆಯಿತು. ಇಳಕಲ್ ಸೀರೆ ಈ ಸಲ ಓಡಿಯೇ ಓಡಿತು.

ಲ್ಯಾಬಿನ ಮೇಜಿನ ಮೇಲೆ ಪಾಚಿ, ಕೆಸರು, ಗೊಬ್ಬರಗಳ ಸಾಲಿನ ಕೊನೆಗೆ ಎರಡು ಸ್ಟೀಲ್ ಡಬ್ಬಿ ಬಂದು ಕೂತವು. ಮೈತ್ರೇಯಿ ಮೂಸಿ ನೋಡಿದರು.

"ಇಂಗು?"

"ಒಗ್ಗರಣೆ ಹಾಕಿದ ಕಲ್ಚರ್ ಮೇಡಂ," ಎಂದಳು ಜವೇರಿಯಾ.

ಮೈತ್ರೇಯಿ ನಗು ತಡೆದುಕೊಂಡು, ಒಂದು ಹನಿಗೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು, "ನೋಡಿ," ಎಂದರು. ಉಮಾ ಮಿಸ್ ಬಗ್ಗಿದರು. ನತ್ತು ಅಡ್ಡ ಬಂತು, ಕಿತ್ತು ಕೈಯಲ್ಲಿ ಹಿಡಿದರು. ಮೊದಲು ಬರೀ ಮಂಜು. ಆಮೇಲೆ ಕಡ್ಡಿಗಳು. ನೀಲಿ ನೀಲಿ ಸಣ್ಣ ಕಡ್ಡಿಗಳು, ಪಕ್ಕದಲ್ಲಿ ಸರದ ಹಾಗೆ ಪೋಣಿಸಿಕೊಂಡ ಮಣಿಗಳು. ತಾವು ಬೋರ್ಡಿನ ಮೇಲೆ ಬರೆದದ್ದೇ, ಒಂದೂ ಸುಳ್ಳಲ್ಲ.

"ಅಯ್ಯೋ ಜವೇರಿಯಾ, ಇವು ನಿಜವಾಗ್ಲೂ ಇವೆ ಕಣೇ!"

ಕಣ್ಣಲ್ಲಿ ನೀರು ತುಂಬಿ ಬ್ಯಾಕ್ಟೀರಿಯಾ ಮತ್ತೆ ಮಂಜಾಯಿತು. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದರು.

ಜವೇರಿಯಾ ಪ್ರಶ್ನೆ ಕೇಳಿದಳು. ಒಗ್ಗರಣೆ ಬಿದ್ದ ಡಬ್ಬಿ ಯಾಕೆ ಹುಳಿಯಾಗಲಿಲ್ಲ? ಮೈತ್ರೇಯಿ ಎರಡೂ ಡಬ್ಬಿಗೆ ಹುಳಿ ಅಳೆಯುವ ಒಂದೊಂದು ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದರು. ಹುಡುಗಿಯ ನಾಲಿಗೆ ಸುಳ್ಳು ಹೇಳಿರಲಿಲ್ಲ. ಅವರು ಮಿಸ್ ಕಡೆ ತಿರುಗಿದರು.

"ನೀವು ಹೇಳಿ ಮೇಡಂ. ಯಾಕೆ? ಬಿಸಿ ಎಣ್ಣೆಯಿಂದಲಾ, ಇಂಗಿಂದಲಾ, ಸಾಸಿವೆಯಿಂದಲಾ?"

ಉಮಾ ಮಿಸ್‌ಗೆ ಇಪ್ಪತ್ತು ವರ್ಷದ ಅಭ್ಯಾಸ ಬಾಯಿಗೆ ಬಂತು. ಏನಾದರೊಂದು ಉತ್ತರ ಹೊಲಿದು ಕೊಡಬಹುದು. ಉತ್ತರ ಕೊಡದಿದ್ದರೆ ಸೀಟು ಹೋಗುತ್ತದೆ, ಎದುರಿಗೆ ತನ್ನದೇ ವಿದ್ಯಾರ್ಥಿನಿ ನಿಂತಿದ್ದಾಳೆ, ಪಕ್ಕದಲ್ಲಿ ಏಳು ಶಾಲೆಯವರು ಕಿವಿ ನಿಮಿರಿಸಿದ್ದಾರೆ. ಆದರೆ ಈಗಷ್ಟೇ ಕಣ್ಣಾರೆ ಕಂಡ ಆ ಕಡ್ಡಿಗಳ ಮುಂದೆ ಸುಳ್ಳು ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

"ಗೊತ್ತಿಲ್ಲ ಮೇಡಂ," ಎಂದರು.

ಜವೇರಿಯಾ ಬಾಯಿ ತೆರೆದು ಮಿಸ್ ಮುಖ ನೋಡಿದಳು. ಹಬ್ಬದ ಚಂದ್ರನನ್ನು ಕಂಡರೂ ಅವಳ ಮುಖ ಅಷ್ಟು ಅರಳುತ್ತಿರಲಿಲ್ಲ.

"ನಂಗೂ ಗೊತ್ತಿಲ್ಲ," ಎಂದರು ಮೈತ್ರೇಯಿ, ಡಬ್ಬಿಗಳ ಮೇಲೆ ಹೆಸರು ಬರೆಯುತ್ತಾ. "ಆರು ವಾರ ಇದೆ. ಸೋಮವಾರದಿಂದ ಬನ್ನಿ, ಕಂಡುಹಿಡಿಯಿರಿ. ಡೋಲಕ್ ಬೇಡ. ಇವತ್ತೊಂದಿನ ಮಾತ್ರ ಆ ಹಾಡು ಹಾಡಿಬಿಟ್ಟು ಹೋಗಿ, ಕೇಳ್ದೆ ಬಿಡಲ್ಲ ನಾನು."

ಹಾಡಿದರು. ಸಿಸ್ಟರ್ ಗಿಟಾರ್ ಬಾರಿಸಿದರು, ಪೇಟದ ಹುಡುಗ ಗೊಬ್ಬರದ ಕೈಯಲ್ಲೇ ಕುಣಿದ.

ವಾಪಸ್ ಮೆಟ್ರೋದಲ್ಲಿ ಖುರ್ಷಿದ್ ಮೇಡಂ ಫೋನ್ ಬಂತು. "ಏನಾಯ್ತು? ನಮ್ಮ ಕಲ್ಚರ್ ಇಷ್ಟ ಆಯ್ತಾ ಅವರಿಗೆ?"

"ಎಷ್ಟು ಇಷ್ಟ ಆಯ್ತು ಅಂದ್ರೆ ಮೇಡಂ, ಫ್ರಿಜ್ಜಲ್ಲಿ ಇಟ್ಕೊಂಡ್ಬಿಟ್ರು!"

ಮಧ್ಯಾಹ್ನದ ಊಟವೆಲ್ಲ ಸಂಶೋಧನೆಗೆ ಹೋಗಿ ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಜವೇರಿಯಾ ಮೆಲ್ಲಗೆ ಕೈ ಎತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆಯೇ.

"ಮಿಸ್, ಹಸಿವಾದಾಗ ಹೊಟ್ಟೆ ಯಾಕೆ ಸದ್ದು ಮಾಡುತ್ತೆ?"

ಅದರ ಉತ್ತರ ಉಮಾ ಮಿಸ್‌ಗೆ ಚೆನ್ನಾಗಿ ಗೊತ್ತಿತ್ತು, ಸಿಲೆಬಸ್‌ನಲ್ಲೇ ಇತ್ತು. ಆದರೂ ಹೊಸದಾಗಿ ಕಲಿತ ಮಾತಿನ ರುಚಿ ನಾಲಿಗೆಯ ಮೇಲಿನ್ನೂ ಇತ್ತು.

"ಗೊತ್ತಿಲ್ಲ ಕಣೇ!" ಎಂದರು. ಬನಶಂಕರಿ ದಾಟುವವರೆಗೂ ಇಬ್ಬರೂ ನಗುತ್ತಲೇ ಇದ್ದರು.