ರೇಡಿಯೋನ ಲ್ಯಾಪ್‌ಟಾಪ್

"ಅವರ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಕೊಟ್ಟಿದೀನಿ ಸಾರ್. ಪಾಪ, ಬ್ಯಾಟರಿ ಪೂರ್ತಿ ಸತ್ತಿತ್ತು," ಎಂದಳು ಕೆಳಗಿನ ಸ್ವಾಗತ ಕೌಂಟರಿನ ಹುಡುಗಿ. ನಾಲ್ಕನೇ ಮಹಡಿಯ ನೆಟ್‌ವರ್ಕ್ ಕೋಣೆಯಲ್ಲಿ ಫೋನು ಹಿಡಿದಿದ್ದ ಅವನು ಕುರ್ಚಿಯಿಂದ ಎದ್ದೇಬಿಟ್ಟ. ಕೆಳಗೆ ಬಂದು ಕೂತಿದ್ದವಳು ರೇಡಿಯೋನ ಹೆಂಡತಿ.

ರೇಡಿಯೋ ಮಾರಾಟ ವಿಭಾಗದವನು, ಇವನ ಜೀವದ ಗೆಳೆಯ. ಬಾಯಿಗೆ ಬಿಡುವೇ ಇಲ್ಲವೆಂದು ಆಫೀಸಿನವರೇ ಇಟ್ಟ ಹೆಸರು. ಊರೂರು ಸುತ್ತುವಾಗ ಲಾಡ್ಜಿನ ಕೋಣೆಯಲ್ಲಿ ಕೂತು ಮಗಳಿಗೆಂದು ಕಥೆ ಹೇಳಿ ಲ್ಯಾಪ್‌ಟಾಪಿನಲ್ಲಿ ತುಂಬಿಕೊಳ್ಳುತ್ತಿದ್ದ. ಕಂಪನಿಯ ಯಂತ್ರದಿಂದ ಏನನ್ನೂ ಹೊರಗೆ ಕಳಿಸುವಂತಿರಲಿಲ್ಲವಾಗಿ, ಮನೆಗೆ ಬಂದೇ ಕೇಳಿಸುತ್ತಿದ್ದ. ಹೆದ್ದಾರಿಯಲ್ಲಿ ಲಾರಿಯೊಂದು ಅವನ ಕಾರಿನ ಮೇಲೇರಿದಾಗ, ಹಿಂದಿನ ಸೀಟಿನಲ್ಲಿದ್ದ ಆ ಲ್ಯಾಪ್‌ಟಾಪಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಮೇಲೆ ಅದು ಮನೆಯ ಬೀರುವಿನಲ್ಲಿ ಉಳಿಯಿತು. ಇತ್ತ ಇವನ ಪರದೆಯಲ್ಲಿ ಅದರ ಹೆಸರಿನ ಮುಂದೆ ಕೆಂಪು ಚುಕ್ಕೆ ಕೂತಿತ್ತು. ನೆಟ್‌ವರ್ಕಿಗೆ ಬಾರದ ಯಂತ್ರ ಕಳುವಾದಂತೆಯೇ ಲೆಕ್ಕ, ಅಳಿಸಿಬಿಡು ಎಂದು ಭದ್ರತಾ ಅಧಿಕಾರಿ ಪಟ್ಟು ಹಿಡಿದಿದ್ದರು. ಅತ್ತಿಗೆಯನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಸಾವಿನ ಮನೆಗೆ ಫೋನು ಮಾಡಿ ಲ್ಯಾಪ್‌ಟಾಪ್ ಎಲ್ಲಿ ಎಂದು ಕೇಳುವುದು ಯಾವ ಬಾಯಿಂದ? ಇವತ್ತು ನಾಳೆ ಎನ್ನುತ್ತ ಕೊನೆಗೆ ಫೋನು ಮಾಡದೆಯೇ ಆಜ್ಞೆ ಕೊಟ್ಟುಬಿಟ್ಟಿದ್ದ: ಕಂಪನಿಯ ವೈಫೈ ಸಿಕ್ಕ ಕೂಡಲೇ ಒಳಗಿರುವುದೆಲ್ಲ ಅಳಿಯಬೇಕು. ಅದಕ್ಕೆ ಪಾಸ್‌ವರ್ಡೂ ಬೇಕಿರಲಿಲ್ಲ. ಈ ಕಟ್ಟಡದೊಳಗೆ ಯಂತ್ರಕ್ಕೆ ಜೀವ ಬಂದರೆ ಸಾಕು.

ಆಜ್ಞೆ ರದ್ದುಮಾಡಲು ಪರದೆಯ ಕಡೆ ತಿರುಗಿದ. ಚುಕ್ಕೆ ಆಗಲೇ ಹಸಿರಾಗಿತ್ತು. ಪಕ್ಕದಲ್ಲಿ, 'ನಿಯಮಕ್ಕೆ ಬದ್ಧ' ಎಂದಿತ್ತು.

ಆದರೂ ಬಿದ್ದಂಬೀಳ ಮೆಟ್ಟಿಲಿಳಿದ. ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೊರಗಿದ್ದ ಮುಖ ಇವನನ್ನು ಕಂಡು ಅರಳಿತು. ಇಷ್ಟು ದಿನ ಅದನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲವೆಂದಳು. ಮಗಳು ಅಪ್ಪನ ದನಿ ಬೇಕೆಂದು ಹಟ ಹಿಡಿದು ಮಲಗುತ್ತಲೇ ಇಲ್ಲವಂತೆ. ಕಥೆಗಳನ್ನಷ್ಟು ತೆಗೆದುಕೊಟ್ಟರೆ ಯಂತ್ರವನ್ನು ಇಲ್ಲೇ ಒಪ್ಪಿಸಿ ಹೋಗುತ್ತಾಳಂತೆ.

"ಮೇಲಿಂದ ನೀವೇ ಬೀಗ ತೆಗೆದ್ರಾ? ಪಾಸ್‌ವರ್ಡ್ ಕೇಳಲೇ ಇಲ್ಲ," ಎಂದಳು. "ಯಾವ ಭಾಷೆ ಬೇಕು ಅಂತ ಕೇಳ್ತಿದೆ. ಏನು ಒತ್ತಲಿ?"

ಯಂತ್ರ ಕೆಟ್ಟಿದೆ ಎಂದುಬಿಡಬಹುದಿತ್ತು. ನಂಬುತ್ತಿದ್ದಳು. ಅವನು ಅವಳ ಕುರ್ಚಿಯ ಎದುರು ನೆಲದ ಮೇಲೆ ಕುಕ್ಕರಿಸಿದ.

"ಅದರಲ್ಲಿ ಏನೂ ಉಳಿದಿಲ್ಲ ಅತ್ತಿಗೆ. ಅಳಿಸಿಹೋಯ್ತು. ನಾನೇ ಅಳಿಸೋಕೆ ಹಾಕಿದ್ದೆ. ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ."

ಅವಳು ಅವನ ಮುಖ ನೋಡಿದಳು.

"ಪೂರ್ತಿನಾ?"

ಅವನು ಹೌದೆಂದು ತಲೆಯಾಡಿಸಿದ. ಕೌಂಟರಿನ ಹುಡುಗಿ ನೀರಿನ ಲೋಟ ತಂದು, ಕೊಡಲೋ ಬೇಡವೋ ತಿಳಿಯದೆ ನಿಂತಳು. ಅತ್ತಿಗೆ ಅಳಲಿಲ್ಲ, ಮುಚ್ಚಳವನ್ನೂ ಮುಚ್ಚಲಿಲ್ಲ. ತೊಡೆಯ ಮೇಲಿನ ಬಿಳಿಯ ಪರದೆ, ಈಗಷ್ಟೇ ಕೊಂಡ ಹೊಸ ಯಂತ್ರದಂತೆ, ಒಂದಾದ ಮೇಲೊಂದು ಭಾಷೆಯಲ್ಲಿ ಸ್ವಾಗತ ಹೇಳುತ್ತಲೇ ಇತ್ತು.