ಸೇನಾಪತಿಯ ಕಾಲು

ಬಳ್ಳಾರಿ ಇನ್ನೂ ಮದರಾಸಿನ ಕಡೆಗಿದ್ದ ಕಾಲ. ನಮ್ಮ ನಾಟಕ ಕಂಪನಿಯ ಮಾಲೀಕ ಗಾದಿಲಿಂಗಪ್ಪ ಒಂದು ಮೈಕ್ ಸೆಟ್ ತರಿಸಿದ. ಒಳಗೆ ಗಾಜಿನ ಬಲ್ಬುಗಳು ಉರಿಯುವ ಆ ಪೆಟ್ಟಿಗೆಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ರಂಗದ ಹಲಗೆಯ ಮೇಲೆಯೇ ಕೂರಿಸಿದ. ಜನರಿಗೆ ಕಾಣಬೇಕಲ್ಲ. ಕಿವಿಯಿಂದ ಕೇಳುವುದನ್ನೂ ಕಣ್ಣಿಂದಲೇ ನೋಡುವ ಮನುಷ್ಯ. ಅವನ ಹಾರ್ಮೋನಿಯಂ ಬಾರಿಸುತ್ತಿದ್ದ ನನಗೆ ಗೊತ್ತಿಲ್ಲವೇ.

ಸಿರುಗುಪ್ಪದಲ್ಲಿ ಮೈಕಿಲ್ಲದೆ ಹಾಡಿ ಕೊನೆಯ ಸಾಲಿನ ಹಮಾಲರನ್ನೂ ಅಳಿಸಿದ್ದವಳು ನಮ್ಮ ರಾಣಿ ಪಾತ್ರದ ಸಾವಂತ್ರಮ್ಮ. ಇಲ್ಲಿ ಬಳ್ಳಾರಿಯಲ್ಲಿ ಅವಳು ರಾಣಿಯ ಶೋಕದ ಹಾಡು ಎತ್ತಿದರೆ ಸಾಕು, ಪೆಟ್ಟಿಗೆ ನರಿಯಂತೆ ಊಳಿಡುತ್ತಿತ್ತು. ಉಳಿದ ದೃಶ್ಯಗಳಲ್ಲಿ ತೆಪ್ಪಗಿರುತ್ತಿತ್ತು.

"ಮಷೀನು ಸುಳ್ಳು ಹೇಳಂಗಿಲ್ಲ," ಎಂದ ಸೇನಾಪತಿಯ ಪಾತ್ರದ ಮರಿಬಸಪ್ಪ, ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತ. "ಆಕಿ ದನೀನ ಒಡದೈತಿ. ಕುರುಗೋಡಿಂದ ಆ ಹಾಡೋ ಹುಡುಗೀನ ಕರಸ್ರಿ ಮಾಲಕ್ರ."

"ಭಾನುವಾರದೊಳಗ ಇದು ನಿಲ್ಲಲಿಲ್ಲಂದ್ರ ನಿನ್ನ ಪಾತ್ರ ಆ ಹುಡುಗೀಗಿ, ಸಾವಂತ್ರಿ," ಎಂದ ಗಾದಿಲಿಂಗಪ್ಪ. ಪಾತ್ರ ಹೋದರೆ ಡೇರೆಯೂ ಹೋದಂತೆ. ಅವಳಿಗೆ ಬೇರೆ ಮನೆಯಿರಲಿಲ್ಲ.

ಕಂಟೋನ್ಮೆಂಟಿನಿಂದ ರೇಡಿಯೊ ರಿಪೇರಿಯ ಚಂದ್ರಣ್ಣ ಬಂದ. ನೆರಳಲ್ಲೂ ಟೋಪಿ ತೆಗೆಯದ ಸಾಹೇಬ.

"ಅರ್ತ್ ಸರಿ ಇಲ್ರಿ," ಎಂದು ನೆಲದಲ್ಲಿ ಹುಗಿದ ಸಲಾಕೆಗೆ ಉಪ್ಪುನೀರು ಹೊಯ್ಸಿದ. ತಾಲೀಮಿನಲ್ಲಿ ಪೆಟ್ಟಿಗೆ ಮತ್ತೆ ಊಳಿಟ್ಟಿತು. ಮೈಕಿನ ವೈರು ಬದಲಿಸಿದ, ಊಳಿಟ್ಟಿತು. ಕೊನೆಗೆ ವಸ್ತ್ರ ಹಿಡಿದು ಮೊದಲ ಬಲ್ಬು ಕಿತ್ತು, "ನಿಂತಿತು ನೋಡ್ರಿ," ಎಂದ.

ನಿಂತಿತ್ತು, ನಿಜ. ಮೈಕೂ ನಿಂತಿತ್ತು.

"ಹಿಂಗಂದ್ರ ನನ್ನ ಕುತ್ತಿಗಿ ಹಿಚುಕಿದ್ರೂ ನಿಲ್ಲತಿತ್ತು," ಎಂದಳು ಸಾವಂತ್ರಮ್ಮ. "ಬಲ್ಬು ಹಾಕಪ್ಪ. ನಾ ಬಾಯಿ ಮುಚಗೊಂಡು ನಿಂದರ್ತೀನಿ. ಮರಿಬಸಪ್ಪನೋರು ಅಷ್ಟ ತಮ್ಮ ಮಾತು ಹೇಳ್ಲಿ."

ಅವಳು ಬಾಯಿಗೆ ಸೆರಗು ಒತ್ತಿ ನಿಂತಳು. ಮರಿಬಸಪ್ಪ ಎದೆ ಉಬ್ಬಿಸಿದ. ರಾಣಿ ಅಳುವಾಗ ಪಕ್ಕದಲ್ಲಿ ಶಪಥ ಮಾಡುವುದಷ್ಟೇ ಅವನ ಪಾತ್ರ. ಮಾತಿಗೊಮ್ಮೆ ಹಲಗೆಗೆ ಕಾಲು ಅಪ್ಪಳಿಸುವುದು ಅವನ ಕಲೆ.

"ಎಲೈ ವೈರಿಯೇ!" ಧಡ್. ಪೆಟ್ಟಿಗೆ ಊಳಿಟ್ಟಿತು. "ನಿನ್ನ ಶಿರವನ್ನು!" ಧಡ್. ಇನ್ನೂ ಜೋರಾಗಿ ಊಳಿಟ್ಟಿತು.

ನಾನು ಹಾರ್ಮೋನಿಯಂ ಹಿಂದೆ ಮುಖ ಮರೆಸಿಕೊಂಡೆ. ಚಂದ್ರಣ್ಣ ಪೆನ್ಸಿಲಿನಿಂದ ಮೊದಲ ಬಲ್ಬು ತಟ್ಟಿದ. ಹೊರಗಿನ ಆಲಿಕೆಯಂಥ ಹಾರ್ನಿನಲ್ಲಿ ಗಂಟೆ ಬಾರಿಸಿದಂತಾಯಿತು.

"ಇದರೊಳಗ ಸಡಲೈತ್ರಿ. ಹಲಗಿ ಅದುರಿದ್ರ ಇದು ಒದರತೈತಿ. ಹೊಸಾದು ಮದರಾಸಿಂದ ಬರಬೇಕು. ಅಲ್ಲೀತನಕ ಪೆಟಗಿ ಕೆಳಗಿಡ್ರಿ."

"ಕೆಳಗಿಟ್ರ ಯಾರಿಗಿ ಕಾಣತೈತಿ?" ಎಂದ ಗಾದಿಲಿಂಗಪ್ಪ. ತುಸು ಯೋಚಿಸಿ ನನ್ನ ಕಡೆ ತಿರುಗಿದ. "ಕುರುಗೋಡಿನ ಬಸ್ಸಿನ್ಯಾಗ ಹೇಳಿ ಕಳಸ್ರಿ, ಹುಡುಗಿ ಬರೂದು ಬ್ಯಾಡ. ಮರಿಬಸಪ್ಪ, ನೀ ಕಾಲು ಹೊಡೀಬ್ಯಾಡ."

ಸಾವಂತ್ರಮ್ಮನ ಕಡೆ ಅವನು ನೋಡಲೂ ಇಲ್ಲ. ತಪ್ಪಾಯಿತೆಂಬ ಮಾತು ಅವನ ಬಾಯಿಂದ ಬರಲು ಅದೂ ಮದರಾಸಿನಿಂದಲೇ ಬರಬೇಕಿತ್ತೇನೋ.

"ಕಾಲು ಹೊಡೀದ ಸೇನಾಪತಿ ಆಗೂದು ಹೆಂಗ್ರಿ ಮಾಲಕ್ರ?" ಮರಿಬಸಪ್ಪನ ಮೀಸೆ ಇಳಿದಿತ್ತು.

ಸಾವಂತ್ರಮ್ಮ ಸೆರಗು ಸರಿಪಡಿಸಿಕೊಂಡು ಮೈಕಿನ ಮುಂದೆ ಬಂದು ನಿಂತಳು.

"ನಟನಾ ಮಾಡಿ ನೋಡ್ರಿ," ಎಂದಳು. "ನಿಮಗ ಅದು ಹೊಸಾದು." ನನಗೆ ಶ್ರುತಿ ಹಿಡಿಯಲು ಸನ್ನೆ ಮಾಡಿದಳು.